ಠರಾವು ಮೊದಲೇ ಬರೆದಿದ್ದೆ

ಹೋದ ವರ್ಷ ಫೆಬ್ರುವರಿಯಲ್ಲಿ ರಾಯಚೂರಿನಲ್ಲಿ ಒಂದು ಸಭೆ ಮಾಡಿಸಿದ್ದೆ. ಅವತ್ತು ಬೆಳಿಗ್ಗೆ 11.40ರಿಂದ 12ರವರೆಗೆ ನಡೆದದ್ದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ವಿಷಯ ಕರೆಂಟು. ಕಲ್ಲಿದ್ದಲು, ಬಿಸಿಲು, ಗಾಳಿ, ನೀರು, ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು, ಅದರ ಬೆಲೆ ಯಾರು ಕೊಡಬೇಕು ಅನ್ನೋದು. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಶಕ್ತಿನಗರದಲ್ಲಿ 1985ರಿಂದ ಆರ್‌ಟಿಪಿಎಸ್ ಅನ್ನುವ ಕಲ್ಲಿದ್ದಲು ಸ್ಥಾವರದ ಚಿಮಣಿ ಹೊಗೆ ಬಿಡುತ್ತಿದೆ. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ ಇನ್ನೊಂದು ಸ್ಥಾವರ. ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಗಾಳಿ ಫ್ಯಾನುಗಳು. ಮುನಿರಾಬಾದಿನಲ್ಲಿ ಡ್ಯಾಮಿನ ಕರೆಂಟು.

ಕರೆದವರು 24 ಜನ. ಆರ್‌ಟಿಪಿಎಸ್‌ನಲ್ಲಿ 30 ವರ್ಷ ದುಡಿದು ನಿವೃತ್ತರಾದ ಇಂಜಿನಿಯರ್. ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಹಿಂದೆ ವರ್ಷಗಟ್ಟಲೆ ಅಲೆದ ಮೇಷ್ಟ್ರು. ಗಾಳಿ ಫ್ಯಾನಿನ ಸೈಟ್ ನೋಡಿಕೊಳ್ಳುವ ಹುಡುಗ. ಶರಾವತಿ ಕಣಿವೆಯಿಂದ ರಾತ್ರಿ ಬಸ್ಸಿಗೆ ಬಂದ ಹಿರಿಯರು. ಸಿಂಧನೂರಿನ ಭತ್ತದ ರೈತರು. ದೇವದುರ್ಗ ತಾಲ್ಲೂಕಿನ ಮಹಿಳಾ ಸಂಘವೊಂದರ ಠರಾವು ಪುಸ್ತಕ ಬರೆಯುವ ಅಕ್ಕ. ಆಕೆಗೆ ಸ್ವಂತ ಹೊಲ ಇಲ್ಲ, ಕೂಲಿಯೇ ಜೀವನ. ಇವರೆಲ್ಲರೂ ನೆಲ ನೀರಿನ ಬಗ್ಗೆ ಕಾಳಜಿ ಇರುವವರೇ. ಆದರೆ ಒಬ್ಬರ ಪರಿಹಾರ ಇನ್ನೊಬ್ಬರಿಗೆ ಪೆಟ್ಟು.

ಎರಡು ತಿಂಗಳು ಇವರೆಲ್ಲರ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಅದೇ ನನ್ನನ್ನು ದಾರಿ ತಪ್ಪಿಸಿತು. ಇವರು ಯಾವುದಕ್ಕೆ ಹೂಂ ಅಂತಾರೆ, ಯಾವುದಕ್ಕೆ ಅನ್ನಲ್ಲ, ಎಲ್ಲಾ ಗೊತ್ತು ಅಂದುಕೊಂಡೆ. ಜೊತೆಗೆ ಹೆಡ್ ಆಫೀಸಿನ ಒತ್ತಡ. 'ಸಂಜೆ 5ಕ್ಕೆ ಜಂಟಿ ಹೇಳಿಕೆ ಮೇಲ್‌ನಲ್ಲಿ ಇರಬೇಕು' ಅಂತ ಮೂರು ಸಲ ಫೋನು. ಲಾಗ್‌ಫ್ರೇಮ್‌ನಲ್ಲಿ, ಅಂದರೆ ಕೆಲಸದ ಗುರಿಗಳ ಪಟ್ಟಿಯಲ್ಲಿ, ಅದೇ ಔಟ್‌ಪುಟ್ ಅಲ್ವಾ. ಹಿಂದಿನ ರಾತ್ರಿ 1 ಗಂಟೆವರೆಗೆ ಕೂತು ಹೇಳಿಕೆ ಬರೆದೆ. ಕೆಳಗೆ 24 ಹೆಸರು, ಸಹಿಗೆ ಜಾಗ. ಬೆಳಿಗ್ಗೆ ಜೆರಾಕ್ಸ್ ಅಂಗಡಿ ತೆಗೆಯುವವರೆಗೆ ಕಾದು 40 ಪ್ರತಿ ಮಾಡಿಸಿ ಕಿಟ್‌ಗಳಲ್ಲಿ ಕೆಳಗಡೆ ಇಡಿಸಿದೆ. 4 ಗಂಟೆಗೆ ತೆಗೆಸಿದರೆ ಆಯ್ತು ಅನ್ನೋದು ನನ್ನ ಲೆಕ್ಕ.

ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ, ಪರಿಚಯ ಎಲ್ಲಾ ಚೆನ್ನಾಗಿಯೇ ಆಯಿತು. ಇಂಜಿನಿಯರ್ ಸರ್ ಮಾತಾಡುತ್ತಿದ್ದರು. ಆಗ ಹಿಂದಿನ ಸಾಲಿನಲ್ಲಿ ಆ ಅಕ್ಕ ಕೈ ಎತ್ತಿದರು. ಕೈಯಲ್ಲಿ ನನ್ನ ಹಾಳೆ.

'ಸರ್, ಇದರಾಗ ನನ್ನ ಹೆಸರು ಐತ್ರೀ. ನಾನು ಒಪ್ಪೀನಿ ಅಂತ ಐತಿ. ನಾನಿನ್ನೂ ಬಾಯೇ ತೆಗ್ದಿಲ್ಲಲ್ರೀ?'

ಎಲ್ಲರೂ ಚೀಲಕ್ಕೆ ಕೈ ಹಾಕಿದರು. ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ಮೈಕ್ ಹಿಡಿದು 'ಅದು ಸುಮ್ನೆ ಡ್ರಾಫ್ಟ್' ಅಂದೆ. ಹಾಳೆಯ ಮೇಲೆ ಎಲ್ಲೂ ಡ್ರಾಫ್ಟ್ ಅಂತ ಇರಲಿಲ್ಲ. ಆಕೆ ಕೂರಲಿಲ್ಲ.

'ನಮ್ಮ ಸಂಘದಾಗ ಸಭೆ ಮುಗಿದ ಮ್ಯಾಲೆ ಠರಾವು ಬರೀತೀವ್ರೀ. ಮೊದ್ಲೇ ಬರದ್ರ ಬ್ಯಾಂಕಿನವ್ರು ಒಪ್ಪಂಗಿಲ್ಲ.'

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಷ್ಟ್ರು ಎದ್ದರು. 'ಬರಡು ಭೂಮಿಯಲ್ಲಿ ಗಾಳಿ ಮತ್ತು ಸೌರ ಯೋಜನೆಗಳನ್ನು ಸ್ವಾಗತಿಸುತ್ತೇವೆ' ಅನ್ನುವ ಸಾಲನ್ನು ಗಟ್ಟಿಯಾಗಿ ಓದಿದರು. 'ನೀವು ಬರಡು ಅಂದಿದ್ದರಲ್ಲೇ ರೀ ಆ ಹಕ್ಕಿ ಮೊಟ್ಟೆ ಇಡೋದು. ಬರೀ ನೆಲದ ಮೇಲೆ, ವರ್ಷಕ್ಕೆ ಒಂದೇ ಒಂದು ಮೊಟ್ಟೆ. ಕುರಿಗಾರರು ಕುರಿ ಹೊಡ್ಕೊಂಡು ಹೋಗೋದೂ ಅಲ್ಲೇ.' ಆ ಹಕ್ಕಿಗೆ ಎದುರಿನ ತಂತಿ ಬೇಗ ಕಾಣುವುದಿಲ್ಲ. ಮೈ ಭಾರ, ಕೊನೆ ಗಳಿಗೆಯಲ್ಲಿ ತಿರುಗಲು ಆಗದೆ ಬಡಿದು ಸಾಯುತ್ತದೆ. ಇದನ್ನೆಲ್ಲ ಅವರು ಫೋನಿನಲ್ಲಿ ನನಗೆ ಹೇಳಿದ್ದರು. ನಾನು ಹೂಂಗುಟ್ಟಿದ್ದೆ. ಆಮೇಲೆ 'ಬರಡು' ಅಂತಲೇ ಬರೆದಿದ್ದೆ.

ಇಂಜಿನಿಯರ್ ಸರ್ ಕನ್ನಡಕ ತೆಗೆದು ಒರೆಸುತ್ತಾ ನಿಂತರು. 'ಕಲ್ಲಿದ್ದಲು ಸ್ಥಾವರ ಹಂತ ಹಂತವಾಗಿ ಮುಚ್ಚಬೇಕು ಅಂತ ಬರೆದಿದ್ದೀರಿ. ಬಿಸಿಲು ಹೋದ ಮೇಲೆ ಸಂಜೆ 7 ಗಂಟೆಗೆ ಏನು ಮಾಡ್ತೀರಿ ಅಂತ ಬರೆದಿಲ್ಲ.' ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಬೇಜಾರಿತ್ತು. ಅದು ನನಗೆ ಇನ್ನೂ ಜಾಸ್ತಿ ನಾಟಿತು.

ಇಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿದ್ದರು. ನಾನು ಮೈಕ್ ಕೆಳಗಿಟ್ಟು 'ತಪ್ಪಾಯ್ತು, ಎಲ್ಲರೂ ಹಾಳೆ ವಾಪಸ್ ಕೊಡಿ' ಅಂದೆ. ಎಲ್ಲರೂ ಕೊಟ್ಟರು. ಅಕ್ಕ ಮಾತ್ರ ಕೊಡಲಿಲ್ಲ. ಹಾಳೆ ತಿರುಗಿಸಿ, 'ಹಿಂದ ಖಾಲಿ ಐತ್ರೀ, ಇಲ್ಲೇ ಬರಿಯೋಣ' ಅಂದರು. ಪೆನ್ನು ತೆಗೆದು ನಡುವೆ ಗೆರೆ ಎಳೆದರು. ಒಂದು ಕಡೆ 'ಒಪ್ಪಿದ್ದು', ಇನ್ನೊಂದು ಕಡೆ 'ಒಪ್ಪದ್ದು'. ಬಾಗಿಲ ಹತ್ತಿರ ನಿಂತವರು ತಿರುಗಿ ಬಂದು ಕೂತರು.

ಆಮೇಲೆ ನಡೆದದ್ದೇ ನಿಜವಾದ ಸಭೆ. ಇಂಜಿನಿಯರ್ ಸರ್ ಬೋರ್ಡಿನ ಮೇಲೆ ಒಂದು ದಿನದ ಲೋಡ್ ಕರ್ವ್, ಅಂದರೆ ಯಾವ ಹೊತ್ತಿಗೆ ಎಷ್ಟು ಕರೆಂಟು ಬೇಕು ಅನ್ನುವ ಗೆರೆ, ಬರೆದರು. ಮಧ್ಯಾಹ್ನ ಬಿಸಿಲಿನ ಕರೆಂಟು ಬಂದಾಗ ಸ್ಥಾವರವನ್ನು 55 ಪರ್ಸೆಂಟ್‌ಗೆ ಇಳಿಸಬೇಕು, ಸಂಜೆ ಮತ್ತೆ ಎತ್ತಬೇಕು. ಹಳೇ 210 ಮೆಗಾವ್ಯಾಟ್ ಯೂನಿಟ್‌ಗಳನ್ನು ಈ ಏರಿಳಿತಕ್ಕೆ ಅಂತ ಮಾಡಿದ್ದಲ್ಲ. ಬಾಯ್ಲರ್ ಟ್ಯೂಬು ಸವೆಯುತ್ತವೆ. ಸಿಂಧನೂರಿನ ರೈತರು ನಡುವೆಯೇ ಬಾಯಿ ಹಾಕಿದರು. 'ಮಧ್ಯಾಹ್ನ ಕರೆಂಟು ಜಾಸ್ತಿ ಇದ್ರ ಪಂಪಿಗೆ ಆಗ್ಲೇ ಕೊಡ್ರಿ. ರಾತ್ರಿ ಥ್ರೀಫೇಸ್ ಕೊಟ್ರ ಹಾವು ತುಳ್ಕೊಂಡು ಹೋಗಬೇಕು ನಾವು.' ಸರ್ ತಲೆ ಆಡಿಸಿದರು. ಪಂಪ್‌ಸೆಟ್ ಹಗಲಿಗೆ ಬಂದರೆ ಸ್ಥಾವರವನ್ನು ಅಷ್ಟು ಇಳಿಸಬೇಕಾಗಿಯೇ ಇಲ್ಲ. 'ಒಪ್ಪಿದ್ದು' ಕಡೆ ಮೊದಲ ಸಾಲು ಅದೇ. ಹಿಂದಿನ ರಾತ್ರಿಯ ನನ್ನ ಹೇಳಿಕೆಯಲ್ಲಿ ಪಂಪ್‌ಸೆಟ್ ಅನ್ನುವ ಪದವೇ ಇರಲಿಲ್ಲ.

ಸಂಜೆಯ ಕರೆಂಟಿನ ಪ್ರಶ್ನೆಗೆ ಗಾಳಿ ಸೈಟಿನ ಹುಡುಗ ಪಂಪ್ಡ್ ಸ್ಟೋರೇಜ್ ಅಂದ. ಕರೆಂಟು ಜಾಸ್ತಿ ಇದ್ದಾಗ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಶರಾವತಿಯ ಹಿರಿಯರು ಕೂಡಲೇ ತಡೆದರು. ಗೇರುಸೊಪ್ಪದ ನೀರನ್ನು ತಳಕಳಲೆಗೆ ಎತ್ತಿ ಮತ್ತೆ ಬಿಡುವ 2,000 ಮೆಗಾವ್ಯಾಟ್ ಯೋಜನೆ ಇರುವುದು ಸಿಂಗಳೀಕದ ಕಾಡಿನಲ್ಲಿ. 'ನಿಮ್ಮ ಸಂಜೆ ದೀಪಕ್ಕೆ ನಮ್ಮ ಕಾಡು ಯಾಕೆ?' ಅಂದರು. ಅಕ್ಕ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. 'ಇಷ್ಟು ವರ್ಷ ನಿಮ್ಮೂರ ದೀಪಕ್ಕ ಬೂದಿ ನಮ್ಮ ಕಡೆ ಬಿದ್ದೈತಲ್ರೀ ಅಣ್ಣಾರ.' ಹಿರಿಯರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ 'ಅದೂ ಬರೀರಿ ತಾಯಿ' ಅಂದರು. ಎರಡೂ 'ಒಪ್ಪದ್ದು' ಕಡೆ ಹೋದವು, ಅಕ್ಕಪಕ್ಕದಲ್ಲೇ.

ಕೊನೆಗೆ ಸೌರ ಪಾರ್ಕಿನ ಮಾತು. ಪಾವಗಡದಲ್ಲಿ ರೈತರು ಹೊಲ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗೇಣಿಗೆ ಕೊಟ್ಟರು. ಇದನ್ನು ಒಳ್ಳೆಯ ಮಾದರಿ ಅಂತಲೇ ನಾನು ಎಲ್ಲಾ ಕಡೆ ಹೇಳುತ್ತಿದ್ದೆ. ಅಕ್ಕ ಕೇಳಿದರು: 'ಹೊಲದ ಗೇಣಿ ಹೊಲದವ್ರಿಗೆ ಬರ್ತೈತಿ. ಕಳೆ ತೆಗಿಯಾಕಿಗೆ ಏನು ಬರ್ತೈತ್ರೀ?' ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಸಂಜೆ ಹೊತ್ತಿಗೆ ಒಪ್ಪಿದ್ದು ಮೂರು, ಒಪ್ಪದ್ದು ಹನ್ನೊಂದು. ಎಲ್ಲರೂ ಸಹಿ ಹಾಕಿದರು. ಹಾಳೆಯ ಫೋಟೋ ಕಳಿಸಿದೆ. ಹೆಡ್ ಆಫೀಸಿನಿಂದ ಹತ್ತು ನಿಮಿಷದಲ್ಲಿ ಫೋನು: ಎಡಗಡೆದು ಮಾತ್ರ ಟೈಪ್ ಮಾಡಿ ಕಳಿಸಿ, ಬಲಗಡೆದು ಬೇಡ. ಆಗಲ್ಲ ಅಂದೆ. ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷ, ಹಾಗೆ ಅಂದಿದ್ದು ಅದೇ ಮೊದಲು. ನಮ್ಮ ರಿಪೋರ್ಟ್ ಫಾರ್ಮ್ಯಾಟಿನಲ್ಲಿ ಗಂಡಸರೆಷ್ಟು ಹೆಂಗಸರೆಷ್ಟು ಅನ್ನೋಕೆ ಕಾಲಂ ಇದೆ, ಊಟದ ತಟ್ಟೆ ಎಷ್ಟು ಅನ್ನೋಕೂ ಇದೆ. ಜನ ಎಲ್ಲಿ ಒಪ್ಪಲಿಲ್ಲ ಅನ್ನೋಕೆ ಇಲ್ಲ. ಆ ಕಾಲಂ ಹಾಕಿಸಲು ಎಂಟು ತಿಂಗಳು ಮೇಲ್ ಬರೆದೆ. ಅಪ್ರೈಸಲ್‌ನಲ್ಲಿ 'ಡೆಡ್‌ಲೈನ್ ಪಾಲಿಸಿಲ್ಲ' ಅಂತ ಬಂತು. ಬರಲಿ.

ಎರಡನೇ ಸಭೆ ಮುಂದಿನ ತಿಂಗಳು ಸಿರುಗುಪ್ಪದಲ್ಲಿ. ಬೆಳಿಗ್ಗೆ ಬೇಗ ಮೇಷ್ಟ್ರು ಎಲ್ಲರನ್ನೂ ಎರೆ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ, ಗಾಳಿ ಸೈಟಿನ ಹುಡುಗನೂ ಬರುತ್ತಾನೆ. ಮೊದಲ ವಿಷಯ ಕಳೆ ತೆಗೆಯುವವರ ಕೂಲಿ. ಠರಾವು ಪುಸ್ತಕ ಆ ಅಕ್ಕನೇ ಬರೆಯುತ್ತಾರೆ, ಆ ದಿನದ ಕೂಲಿಯನ್ನು ಬಜೆಟ್‌ನಲ್ಲಿ ಬೇರೆಯಾಗಿ ಹಾಕಿದ್ದೇನೆ. ಕಿಟ್‌ನಲ್ಲಿ ಒಂದು ಪೆನ್ನು, ನಾಲ್ಕು ಖಾಲಿ ಹಾಳೆ ಸಾಕು ಅಂತ ಹೇಳಿದ್ದೇನೆ.