ಮಹಿಷಿ ಅಂದ್ರ ಯಾರು?

ಇವತ್ತ ಸಂಜಿ ಚಿಗರಿ ಬಸ್ಸಿನ್ಯಾಗ ಧಾರವಾಡದಿಂದ ಬರಾಕತ್ತಿದ್ದೆ. ನವನಗರ ದಾಟಿರಬೇಕು. ಮುಂದಿನ ಸೀಟಿನ್ಯಾಗ ಕಾಲೇಜ್ ಹುಡುಗ್ರು ನೌಕರಿ ಸುದ್ದಿ ಮಾತಾಡಾಕತ್ತಿದ್ರು. ಒಬ್ಬಂವ ಕೇಳಿದ, "ಕನ್ನಡಿಗರಿಗೆ ನೌಕರಿ ಕೊಡಬೇಕು ಅನ್ನೋ ಮಹಿಷಿ ವರದಿ ಅಂತಾರಲ್ಲ, ಅಂವಾ ಯಾವೂರಾಂವ?"

ಅಂವಾ.

ಬಾಜೂಕ ನಿಂತಿದ್ದ ಗೆಳತಿ ತಿರುಗಿ, "ಅಂವಾ ಅಲ್ಲೋ, ಸರೋಜಿನಿ ಮಹಿಷಿ. ನಮ್ಮ ಧಾರವಾಡದ ಎಂಪಿ ಇದ್ರು," ಅಂದ್ಲು. ಹುಡುಗ ವಾದ ಮಾಡಲಿಲ್ಲ. "ಹೌದಾ? ನನಗ ಗೊತ್ತೇ ಇದ್ದಿಲ್ಲ" ಅಂದು ಮೊಬೈಲ್ ತಗದು ಹುಡುಕಿದ. ಅದು ನನಗ ಭಾಳ ಖುಷಿ ಆತು.

1962, 67, 71, 77. ನಾಕ್ ಸಲ ಗೆದ್ದಾರ. ಇಂದಿರಾ ಗಾಂಧಿ ಸರಕಾರದಾಗ ಮಂತ್ರಿ ಆಗಿದ್ರು. ಅವರಾದ ಮ್ಯಾಲೆ ನಮ್ಮ ಧಾರವಾಡದಿಂದ ಇನ್ನೊಬ್ಬ ಹೆಣ್ಣಮಗಳು ಲೋಕಸಭಾಕ್ಕ ಹೋಗಿಲ್ಲ. ವಿಧಾನಸಭಾನೂ ನೋಡ್ರಿ, 2023ರಾಗ 224 ಸೀಟಿಗೆ ಗೆದ್ದ ಹೆಣ್ಣಮಕ್ಕಳು ಬರೇ 10.

"ಹಂಗಾರ ನೀನೂ ಇಲೆಕ್ಷನ್ನಿಗೆ ನಿಲ್ತಿ ಏನು?" ಇನ್ನೊಬ್ಬ ಹುಡುಗ ಕೇಳಿದ. ಚಾಷ್ಟಿ ಅಲ್ಲ, ಖರೇನ ಕೇಳಿದ.

"ನಿಲ್ಲಾಕ ನಾ ತಯಾರ್ ಅದೀನಿ. ಮನ್ಯಾಗ ಯಾರ್ ಬಿಡ್ತಾರ?"

ಈ ಮಾತು ಮನೀಗೆ ಬಂದ್ರೂ ಬಿಡವಲ್ದು. ಗೆಳ್ಯಾರು ಬ್ಯಾಡ ಅನ್ನಲಿಲ್ಲ, ಆಕಿಗೆ ಧೈರ್ಯಾನೂ ಐತಿ. ಪಂಚಾಯ್ತಿಯೊಳಗ ಅರ್ಧ ಸೀಟು ಹೆಣ್ಣಮಕ್ಕಳಿಗೇ ಅದಾವು. ಆದ್ರೂ ಎಷ್ಟೋ ಕಡೆ ಮೆಂಬರಿಗೆ ಫೋನ್ ಹಚ್ಚಿದ್ರ ಎತ್ತಾಂವ ಗಂಡ. ಅಡ್ಡಗಾಲು ಮನಿ ಹೊಸ್ತಿಲದಾಗ ಐತಿ, ನಮ್ಮ ವಯಸ್ಸಿನವರ ಹತ್ರ.

ಉಣಕಲ್ಲಿನಾಗ ಆಕಿ ಇಳದ್ಲು. ಹುಡುಗ ಇನ್ನೂ ಮೊಬೈಲಿನ್ಯಾಗ ಓದಾಕತ್ತಿದ್ದ.