ಗನ್ ಸಿಕ್ತು, ಗುಂಡು ಸಿಗ್ಲಿಲ್ಲ

2020ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾಗಿದ್ದು ಎಲ್ರಿಗೂ ನೆನಪಿದೆ, ಅದು ಕೆಲವು ತಿಂಗಳಲ್ಲಿ ವಾಪಸ್ ಬಂತು. ಅದೇ ಟೈಮಲ್ಲಿ ಖಾಲಿಯಾದ .38 ಸ್ಪೆಷಲ್ ಅನ್ನೋ ರಿವಾಲ್ವರ್ ಗುಂಡು ಮಾತ್ರ ಮತ್ತೆ ಸಲೀಸಾಗಿ ಶೆಲ್ಫಲ್ಲಿ ಕಾಣೋಕೆ ಹತ್ರ ಹತ್ರ ಎರಡು ವರ್ಷ ಹಿಡೀತು. ನಾನು ಇರೋದು ನಾರ್ತ್ ಕೆರೊಲಿನಾದ ರಾಲಿ ಹತ್ರ, ರಿವಾಲ್ವರ್‌ನಲ್ಲಿ ಪೇಪರ್ ಟಾರ್ಗೆಟ್‌ಗೆ ಹೊಡೆಯೋ ಹವ್ಯಾಸ ಅದಕ್ಕೂ ಮುಂಚಿನಿಂದ ಇದೆ, ಹಾಗಾಗಿ ಆ ವರ್ಷ ಏನೇನಾಯ್ತು ಅಂತ ಕಣ್ಣಾರೆ ನೋಡಿದೀನಿ. ಇಲ್ಲಿನ ಕನ್ನಡದವರಲ್ಲಿ ಗನ್ ತಗೊಂಡಿರೋರು ಇದ್ದಾರೆ, ಆದ್ರೆ ಯಾರೂ ಅದರ ಬಗ್ಗೆ ಬಾಯಿಬಿಟ್ಟು ಮಾತಾಡಲ್ಲ, ಅದಕ್ಕೇ ಬರೀತಿದೀನಿ.

ಮೊದ್ಲು ಒಂದೆರಡು ನಂಬರ್ ಹೇಳ್ಬಿಡ್ತೀನಿ. ಇಲ್ಲಿ ಅಂಗಡಿಯಲ್ಲಿ ಗನ್ ತಗೋಬೇಕಾದ್ರೆ ಎಫ್‌ಬಿಐನ ನಿಕ್ಸ್ ಅನ್ನೋ ಸಿಸ್ಟಮ್ ಮೂಲಕ ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತೆ, 1998ರಿಂದ ನಡ್ಕೊಂಡು ಬಂದಿದೆ. 2019ರಲ್ಲಿ ಅಂಥ ಚೆಕ್ ಆಗಿದ್ದು ಸುಮಾರು 2.84 ಕೋಟಿ, 2020ರಲ್ಲಿ 3.97 ಕೋಟಿ. ಒಂದು ಚೆಕ್ ಅಂದ್ರೆ ಒಂದು ಗನ್ ಅಂತ ಲೆಕ್ಕ ಅಲ್ಲ, ಪರ್ಮಿಟ್‌ಗೆ ಮಾಡೋ ಚೆಕ್ಕೂ ಅದರಲ್ಲೇ ಸೇರಿರುತ್ತೆ, ಆದ್ರೂ ಏರಿದ ರೀತಿ ನೋಡಿದ್ರೆ ಗೊತ್ತಾಗುತ್ತೆ. ಮೊದ್ಲು ಕೋವಿಡ್ ಭಯ, ಆಮೇಲೆ ಪೊಲೀಸರ ಕೈಯಲ್ಲಿ ಆದ ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆ, ಗಲಾಟೆ, ಅದರ ಹಿಂದೇನೇ ಎಲೆಕ್ಷನ್, ಒಂದು ತಣ್ಣಗಾಗೋ ಮುಂಚೆ ಇನ್ನೊಂದು. ಇಲ್ಲಿನ ಗನ್ ಉದ್ಯಮದ ಸಂಘ ಎನ್‌ಎಸ್‌ಎಸ್‌ಎಫ್ ಅಂದಾಜಿನ ಪ್ರಕಾರ ಆ ವರ್ಷ ಗನ್ ತಗೊಂಡೋರಲ್ಲಿ 84 ಲಕ್ಷ ಜನ ಮೊದಲ ಸಲ ತಗೊಂಡೋರು. ಈ 84 ಲಕ್ಷ ಅನ್ನೋದನ್ನ ಸ್ವಲ್ಪ ಮನಸ್ಸಲ್ಲಿ ಇಟ್ಕೊಳ್ಳಿ, ನನ್ನ ಸಂಕಟ ಇರೋದೇ ಅವರ ಬಗ್ಗೆ.

ನಮ್ ರಾಜ್ಯದಲ್ಲಿ ಇನ್ನೊಂದು ತೊಡಕಿತ್ತು. ಹ್ಯಾಂಡ್‌ಗನ್ (ಪಿಸ್ತೂಲ್, ರಿವಾಲ್ವರ್) ತಗೋಬೇಕು ಅಂದ್ರೆ ಕೌಂಟಿ ಶೆರಿಫ್ (ನಮ್ಮ ಜಿಲ್ಲೆಯ ಪೊಲೀಸ್ ಮುಖ್ಯಸ್ಥರ ಥರ) ಹತ್ರ ಪರ್ಮಿಟ್ ತಗೋಬೇಕಿತ್ತು, ಒಂದಕ್ಕೆ 5 ಡಾಲರ್, 1919ರ ಕಾನೂನು. ಆ ಮಾರ್ಚ್‌ನಲ್ಲಿ ಅರ್ಜಿ ಹೇಗೆ ಬಂದು ಬಿತ್ತು ಅಂದ್ರೆ ರಾಲಿ ಇರೋ ವೇಕ್ ಕೌಂಟಿಯಲ್ಲಿ ಸ್ವಲ್ಪ ದಿನ ಹೊಸ ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಿದ್ರು, ಅದು ಕೋರ್ಟಿಗೂ ಹೋಯ್ತು. 2023ರಲ್ಲಿ ಗವರ್ನರ್ ವೀಟೋ ಮಾಡಿದ್ರೂ ಅದನ್ನ ಮೀರಿ ಶಾಸಕರು ಆ ಪರ್ಮಿಟ್ಟನ್ನೇ ತೆಗೆದುಹಾಕಿದ್ರು. ಅಂದಹಾಗೆ ಎಚ್1ಬಿ ವೀಸಾದಲ್ಲಿ ಇರೋರು ಸಾಮಾನ್ಯವಾಗಿ ಇಲ್ಲಿ ಗನ್ ತಗೊಳ್ಳೋ ಹಾಗಿಲ್ಲ, ಫೆಡರಲ್ ಕಾನೂನಲ್ಲೇ ಹಾಗಿದೆ, ಗ್ರೀನ್ ಕಾರ್ಡ್ ಇದ್ರೆ ಆಗುತ್ತೆ. ಯಾರೋ ಏನೋ ಹೇಳಿದ್ರು ಅಂತ ಹೋಗಿ ಫಾರ್ಮ್ ತುಂಬಿ ಬಿಡ್ಬೇಡಿ, ಅದು ಹುಡುಗಾಟದ ವಿಷಯ ಅಲ್ಲ.

ಅಂಗಡಿ ಹೇಗಿತ್ತು ಅಂದ್ರೆ, ಗಾಜಿನ ಕೌಂಟರ್ ಒಳಗೆ ಸಾಲಾಗಿ ಇರ್ತಿದ್ದ 9ಎಂಎಂ ಪಿಸ್ತೂಲುಗಳ ಜಾಗದಲ್ಲಿ ಬರೀ ಸ್ಟ್ಯಾಂಡು, ಬೆಲೆ ಚೀಟಿ ಮಾತ್ರ ಹಾಗೇ ನಿಂತಿದೆ. ಗುಂಡಿನ ಶೆಲ್ಫಲ್ಲಿ ಶಾಟ್‌ಗನ್‌ನ ಹಕ್ಕಿ ಹೊಡೆಯೋ ಸಣ್ಣ ಚರೆ ತೋಟೆ ಒಂದಷ್ಟು, ಯಾರಿಗೂ ಬೇಡದ ಒಂದೆರಡು ಕ್ಯಾಲಿಬರ್‌ನ (ಅಂದ್ರೆ ಅಳತೆಯ) ರೈಫಲ್ ಗುಂಡು, ಅಷ್ಟೇ. ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದ ಬೋರ್ಡು, ಒಬ್ಬರಿಗೆ ಒಂದೇ ಡಬ್ಬಿ. ಡಬ್ಬಿ ಇದ್ರೆ ತಾನೇ ಒಂದು ತಗೊಳ್ಳೋದು! ಕೌಂಟರ್ ಹಿಂದಿನ ಹೆಂಗಸು ಫೋನ್ ಎತ್ತಿದ ಕೂಡ್ಲೇ ಹಲೋ ಕೂಡ ಅನ್ನದೆ, ನೈನ್ ಇಲ್ಲ, ತರ್ಟಿಯೆಟ್ ಇಲ್ಲ, ಟ್ರಕ್ ಗುರುವಾರ ಬರಬಹುದು ಅಂತ ಒಂದೇ ಉಸಿರಲ್ಲಿ ಹೇಳಿ ಇಡೋರು.

ಪಿಸ್ತೂಲ್ ಖಾಲಿಯಾದ್ಮೇಲೆ ಜನ ರಿವಾಲ್ವರ್ ಕಡೆ ತಿರುಗಿದ್ರು. ಪಿಸ್ತೂಲಲ್ಲಿ ಗುಂಡು ಹಿಡಿಕೆಯೊಳಗಿನ ಮ್ಯಾಗಜೀನಲ್ಲಿ ಇರುತ್ತೆ, ರಿವಾಲ್ವರಲ್ಲಿ ತಿರುಗೋ ಸಿಲಿಂಡರಲ್ಲಿ. ಸ್ಮಿತ್ ಅಂಡ್ ವೆಸನ್ 642, ರೂಗರ್ ಎಲ್‌ಸಿಆರ್ ಥರದ ಐದು ಗುಂಡಿನ ಪುಟ್ಟ ರಿವಾಲ್ವರ್‌ಗಳು ಬಂದ ದಿನವೇ ಹೋಗ್ತಿದ್ವು. ಕೋಲ್ಟ್ ಕಂಪನಿ ಎಷ್ಟೋ ವರ್ಷ ನಿಲ್ಲಿಸಿದ್ದ ಪೈಥಾನ್ ರಿವಾಲ್ವರನ್ನ 2020ರ ಜನವರಿಯಲ್ಲಿ 1,499 ಡಾಲರ್‌ಗೆ ಮತ್ತೆ ತಂದಿತ್ತು, ನಾನೂ ಆಸೆಪಟ್ಟಿದ್ದೆ, ಎರಡೇ ತಿಂಗಳಲ್ಲಿ ಈ ನೂಕುನುಗ್ಗಲು ಶುರು, ಆಮೇಲೆ ಆ ಬೆಲೆಗೆ ಅದನ್ನ ಹುಡುಕೋದೇ ದೊಡ್ಡ ಕೆಲಸ ಆಯ್ತು.

ಈಗ ಅಸಲು ವಿಷಯಕ್ಕೆ ಬರ್ತೀನಿ. ರಿವಾಲ್ವರ್ ಗುಂಡು ಯಾಕೆ ಎಲ್ಲಕ್ಕಿಂತ ಲೇಟಾಗಿ ಬಂತು? ತುಂಬಾ ಜನ ಅಂದ್ಕೊಂಡಿದ್ದು ಸರ್ಕಾರ ತಡೆ ಹಿಡಿದಿದೆ, ಕಂಪನಿಗಳು ಗೋಡೌನ್‌ನಲ್ಲಿ ಬಚ್ಚಿಟ್ಟಿವೆ ಅಂತ. ಹಾಗೇನಿಲ್ಲ. ಕಾರ್ಖಾನೆಯಲ್ಲಿ ಒಂದು ಲೈನನ್ನ ಒಂದು ಕ್ಯಾಲಿಬರ್‌ಗೆ ಸೆಟ್ ಮಾಡಿರ್ತಾರೆ, ಬೇರೆ ಕ್ಯಾಲಿಬರ್‌ಗೆ ಬದಲಾಯಿಸ್ಬೇಕು ಅಂದ್ರೆ ಮೆಷಿನ್ ನಿಲ್ಲಿಸ್ಬೇಕು, ಡೈ (ಅಚ್ಚು) ಬದಲಿಸ್ಬೇಕು, ಮತ್ತೆ ಟೆಸ್ಟ್ ಮಾಡ್ಬೇಕು. ಲಕ್ಷಾಂತರ ಜನ 9ಎಂಎಂ ಕೊಡಿ 9ಎಂಎಂ ಕೊಡಿ ಅಂತ ಬಾಗಿಲು ಬಡೀತಿರುವಾಗ ಯಾವ ಕಂಪನಿ ಲೈನ್ ನಿಲ್ಲಿಸಿ .38, .357 ಮ್ಯಾಗ್ನಮ್ ಥರದ ರಿವಾಲ್ವರ್ ಗುಂಡು ಮಾಡುತ್ತೆ ಹೇಳಿ. ಮೊದಲೆಲ್ಲ ಆವಾಗಾವಾಗ ಒಂದು ಸಲ ಓಡಿಸ್ತಿದ್ದ ಲೈನು, ಆ ಸಲವೂ ಮುಂದಕ್ಕೆ ಹೋಯ್ತು. ಇದರ ಜೊತೆಗೆ ಪ್ರೈಮರ್ ಕೊರತೆ. ಗುಂಡಿನ ತಳದಲ್ಲಿರೋ ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು ಅದು, ಅದನ್ನ ದೊಡ್ಡ ಮಟ್ಟದಲ್ಲಿ ಮಾಡೋ ಅಮೆರಿಕನ್ ಹೆಸರುಗಳು ನಾಲ್ಕೇ, ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. .38ಕ್ಕೂ ಸ್ಮಾಲ್ ಪಿಸ್ಟಲ್ ಪ್ರೈಮರ್, 9ಎಂಎಂಗೂ ಅದೇ. ಮನೆಯಲ್ಲೇ ಖಾಲಿ ಹಿತ್ತಾಳೆ ಕೇಸಿಗೆ ಗುಂಡು ತುಂಬ್ಕೊಳ್ಳೋ ಹವ್ಯಾಸಿಗಳಿಗೂ ದಾರಿ ಮುಚ್ಚಿಹೋಯ್ತು, ಸಾವಿರಕ್ಕೆ ಮೂವತ್ತು ಚಿಲ್ಲರೆ ಡಾಲರ್ ಇದ್ದ ಪ್ರೈಮರ್ ನೂರು ದಾಟ್ತು.

ಆ ನಾಲ್ಕರಲ್ಲಿ ಒಂದಾದ ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅಂತ ಕೋರ್ಟಿಗೆ ಹೋಯ್ತು. ಜನ ಗುಂಡಿಗಾಗಿ ಬಾಯ್ ಬಾಯ್ ಬಿಡ್ತಿರೋ ಹೊತ್ತಲ್ಲಿ ಗುಂಡು ಮಾಡೋ ಕಂಪನಿ ದಿವಾಳಿ! ಅದಕ್ಕೂ ಒಂದು ಕಾರಣ ಇದೆ. 2012ರ ಕೊನೆಗೆ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿ ಆದ್ಮೇಲೆ ಹೊಸ ಕಾನೂನು ಬರುತ್ತೆ ಅಂತ ಹೆದರಿ ಜನ ಇದೇ ಥರ ಮುಗಿಬಿದ್ದಿದ್ರು, ಆಗ .22 ಗುಂಡು ವರ್ಷಗಟ್ಟಲೆ ಸಿಕ್ತಿರಲಿಲ್ಲ. 2016ರ ಎಲೆಕ್ಷನ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ಹೊಸ ಕಾನೂನಿನ ಭಯ ಇಳೀತು, ವ್ಯಾಪಾರ ಕುಸೀತು, 2018ರಲ್ಲೇ ರೆಮಿಂಗ್ಟನ್ ಒಂದು ಸಲ ದಿವಾಳಿ ಎದ್ದಿತ್ತು. ಹಾಗಾಗಿ ಇನ್ನೊಂದು ಕಾರ್ಖಾನೆ ಕಟ್ಟಿ ಅಂತ ಹೇಳೋದು ಸುಲಭ, ಕಟ್ಟಿ ಮುಗಿಸೋ ಹೊತ್ತಿಗೆ ಕೊಳ್ಳೋರು ಇರ್ತಾರಾ ಅನ್ನೋದು ಯಾರಿಗೂ ಗೊತ್ತಿರಲ್ಲ. ಕೊನೆಗೆ ಫೆಡರಲ್, ಸಿಸಿಐ ಎರಡನ್ನೂ ಇಟ್ಕೊಂಡಿದ್ದ ವಿಸ್ಟಾ ಔಟ್‌ಡೋರ್ ಅನ್ನೋ ಕಂಪನಿ ರೆಮಿಂಗ್ಟನ್‌ನ ಗುಂಡಿನ ವ್ಯಾಪಾರವನ್ನ, ಅರ್ಕಾನ್ಸಾದ ಲೊನೋಕ್ ಕಾರ್ಖಾನೆ ಸಮೇತ, 81.4 ಮಿಲಿಯನ್ ಡಾಲರ್‌ಗೆ ತಗೊಳ್ತು, ಆಮೇಲೆ ಅಲ್ಲಿ ಕೆಲಸ ಮತ್ತೆ ಚುರುಕಾಯ್ತು.

ಊರಲ್ಲಿ ಇಂಥದ್ದು ಆಗೋ ಚಾನ್ಸೇ ಇಲ್ಲ. ನಮ್ಮ ಮಲೆನಾಡಿನ ಕಡೆ ಕೋವಿ ಇಟ್ಕೊಂಡಿರೋರಿಗೆ ಲೈಸೆನ್ಸಲ್ಲೇ ಎಷ್ಟು ತೋಟೆ ಅಂತ ಬರೆದಿರುತ್ತೆ, ಅಷ್ಟೇ, ತಗೊಂಡಿದ್ದೆಲ್ಲ ಲೆಕ್ಕಕ್ಕೆ ಹೋಗುತ್ತೆ, ಎಲೆಕ್ಷನ್ ಬಂದ್ರೆ ಕೋವೀನೇ ಸ್ಟೇಷನ್‌ಗೆ ಒಪ್ಪಿಸ್ಬೇಕು. ಇಲ್ಲಿ ಎಲೆಕ್ಷನ್ ಬಂದ್ರೆ ಕೊಳ್ಳೋಕೆ ಹೋಗ್ತಾರೆ.

ನಮ್ ಪರಿಚಯದ ಹುಡುಗ ಒಬ್ಬ, ದಾವಣಗೆರೆ ಕಡೆಯವನು, ಆ ಬೇಸಿಗೆಯಲ್ಲಿ ಫೋನ್ ಮಾಡಿದ. "ಅಣ್ಣಾ, ಗನ್ ತಗೊಂಡೆ, .38 ರಿವಾಲ್ವರ್, ಗುಂಡೂ ಹೆಂಗೋ ಒಂದು ಡಬ್ಬಿ ಸಿಕ್ತು, ಆದ್ರೆ ಯಾಕೋ ಸರಿಯಾಗಿ ಕೂರ್ತಾನೇ ಇಲ್ಲ ನೋಡಣ್ಣ." ಏನೂ ಮುಟ್ಬೇಡ, ಹಾಗೇ ಇಡು, ನಾನೇ ಬರ್ತೀನಿ ಅಂದೆ. ಹೋಗಿ ನೋಡಿದ್ರೆ ಡಬ್ಬಿ ಮೇಲೆ .380 ಆಟೋ ಅಂತ ಇದೆ. ಅದು ಸಣ್ಣ ಪಿಸ್ತೂಲಿನ ಗುಂಡು, .38 ಸ್ಪೆಷಲ್‌ಗಿಂತ ಗಿಡ್ಡ, ತಳದಲ್ಲಿ ಅಂಚೂ ಇಲ್ಲ, ರಿವಾಲ್ವರ್‌ನ ಸಿಲಿಂಡರ್‌ಗೆ ಅದು ಸಂಬಂಧವೇ ಇಲ್ಲ. ಪಾಪ, 38 ಅನ್ನೋ ನಂಬರ್ ಕಂಡಿದ್ದೇ ಎತ್ಕೊಂಡು ಬಂದಿದಾನೆ, ಮಾರಿದೋರೂ ಒಂದು ಮಾತು ಕೇಳಿಲ್ಲ. ಅವನ ಹೆಂಡತಿ ಬಾಗಿಲಲ್ಲೇ ನಿಂತು ನೋಡ್ತಿದ್ರು, ಒಳಗೆ ಮಗು ಮಲಗಿತ್ತು. "ಇದು ಬೇಕಿತ್ತಾ ಅಣ್ಣಾ, ನೀವಾದ್ರೂ ಹೇಳಿ" ಅಂದ್ರು ಆಯಮ್ಮ. ಬೇಕೋ ಬೇಡ್ವೋ ಅನ್ನೋದು ನಿಮ್ಮನೆ ವಿಷಯ ತಾಯಿ, ಆದ್ರೆ ತಂದಮೇಲೆ ಮೊದ್ಲು ಬೀಗ ಹಾಕಿ ಇಡ್ಬೇಕು, ಆಮೇಲೆ ಕಲೀಬೇಕು ಅಂದೆ.

ಕಲಿಯೋಕೆ ಗುಂಡು ಎಲ್ಲಿತ್ತು? ಮುಂಚೆ ಐವತ್ತರ .38 ಡಬ್ಬಿ ಇಪ್ಪತ್ತು ಡಾಲರ್ ಆಸುಪಾಸು ಇತ್ತು, ಆಗ ಐವತ್ತು ಅರವತ್ತು, ಅದೂ ಸಿಕ್ಕಿದ್ರೆ. ಪುಟ್ಟ ರಿವಾಲ್ವರ್ ನೋಡೋಕೆ ಸುಲಭ ಅನ್ಸುತ್ತೆ, ಮ್ಯಾಗಜೀನ್ ಇಲ್ಲ, ಪಿಸ್ತೂಲಿನ ಥರ ಮೇಲಿನ ಸ್ಲೈಡ್ ಎಳೆಯೋ ಕೆಲಸ ಇಲ್ಲ, ಆದ್ರೆ ಹೊಡೆಯೋಕೆ ಅದೇ ಕಷ್ಟ. ಟ್ರಿಗರ್ ಎಳೆಯೋಕೆ ಹತ್ರ ಹತ್ರ ಐದು ಕೆಜಿ ಬಲ ಬೇಕು, ಬ್ಯಾರೆಲ್ ಎರಡು ಇಂಚು, ಅಭ್ಯಾಸ ಇಲ್ಲದೋರ ಕೈಯಲ್ಲಿ ಗುಂಡು ಟಾರ್ಗೆಟ್ ಬಿಟ್ಟು ಎಲ್ಲಿಗೋ ಹೋಗುತ್ತೆ. ಭಯಕ್ಕೆ ತಂದು, ಒಂದು ಸಲವೂ ಹೊಡೆಯದೆ ಕಪಾಟಲ್ಲಿ ಇಟ್ಟ ಗನ್ ಎಷ್ಟು ಮನೆಯಲ್ಲಿದೆಯೋ ಅಂತ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಸಂಕಟ ಆಗುತ್ತೆ. ಇನ್ನೊಂದು ಕಡೆ ಗ್ಯಾರೇಜ್ ತುಂಬಾ ಡಬ್ಬಿ ಪೇರಿಸಿಟ್ಟು ಮತ್ತೂ ಬೆಳಗ್ಗೆ ಆರಕ್ಕೆ ಕ್ಯೂ ನಿಲ್ಲೋರನ್ನೂ ನೋಡಿದೆ, ಬಂದ ಟ್ರಕ್ ಖಾಲಿ ಮಾಡ್ತಿದ್ದೋರಲ್ಲಿ ಅವರೂ ಇದ್ರು. ದುಡ್ಡು ಅವರದು, ಕಾನೂನೂ ಬೇಡ ಅನ್ನಲ್ಲ, ಆದ್ರೆ ಅದು ಸರಿ ಅಂತ ನಾನು ಒಪ್ಪಲ್ಲ.

ನನ್ನ ಹತ್ರ ಇದ್ದ ಸ್ಟಾಕಲ್ಲಿ ಆ ಹುಡುಗನಿಗೆ ಒಂದು ಡಬ್ಬಿ ಕೊಟ್ಟೆ, ಅದಕ್ಕೂ ಮುಂಚೆ ವಾರಗಟ್ಟಲೆ ಬರೀ ಸ್ನ್ಯಾಪ್ ಕ್ಯಾಪ್ (ಸಿಡಿಯದ ಡಮ್ಮಿ ಗುಂಡು) ಹಾಕಿ ಟ್ರಿಗರ್ ಎಳೆಸಿದೆ, ಅಸಲಿ ಗುಂಡು ಆ ರೂಮಲ್ಲೇ ಇರಬಾರದು ಅನ್ನೋ ಕಂಡೀಷನ್ ಮೇಲೆ. ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು ಟ್ರಿಗರ್ ಎಳೆದಾಗ ಬ್ಯಾರೆಲ್ ತುದಿಯಲ್ಲಿ ಗುರಿ ನೋಡೋಕೆ ಇರೋ ಮುಂದಿನ ಸೈಟ್ ಅಲುಗಾಡಬಾರದು, ಅಷ್ಟೇ ಪಾಠ. ಗುಂಡಿನ ಬರ ಇದ್ದ ಆ ಕಾಲದಲ್ಲಿ ನಾನೂ ಅದನ್ನೇ ಮಾಡ್ತಿದ್ದೆ, ಒಂದು ಪೈಸೆ ಖರ್ಚಿಲ್ಲ. .22 ರಿವಾಲ್ವರ್ ಇದ್ರೆ ಮಾತ್ರ ಖಾಲಿ ಸಿಲಿಂಡರ್‌ನಲ್ಲಿ ಹಾಗೆ ಮಾಡೋದು ಬೇಡ, ಗುಂಡಿಗೆ ಬಡಿಯೋ ಫೈರಿಂಗ್ ಪಿನ್ ಹಾಳಾಗಬಹುದು.

ಮೊದ್ಲು 9ಎಂಎಂ ಬೆಲೆ ಇಳೀತು, .38 ನಿಧಾನಕ್ಕೆ ಅದರ ಹಿಂದೆ ಬಂತು, 2019ರ ಬೆಲೆಗಂತೂ ವಾಪಸ್ ಹೋಗಿಲ್ಲ. ಈಗ ತಗೋಬೇಕು ಅಂತಿರೋರು ಗನ್ ಆರಿಸೋ ಮುಂಚೆ ಅದರ ಗುಂಡು ಶೆಲ್ಫಲ್ಲಿ ಇದೆಯಾ, ಡಬ್ಬಿಗೆಷ್ಟು ಅಂತ ಕೇಳಿ. ರಿವಾಲ್ವರೇ ಬೇಕು ಅಂದ್ರೆ .357 ನೋಡಿ, ಅದರಲ್ಲಿ .38 ಸ್ಪೆಷಲ್ಲೂ ಹೊಡೀಬಹುದು, .38ರ ಗನ್ನಲ್ಲಿ .357 ಹೊಡೆಯೋ ಹಾಗಿಲ್ಲ, ಎರಡರಲ್ಲಿ ಯಾವುದು ಸಿಕ್ಕಿದ್ರೂ ನಡೆಯುತ್ತೆ ಅನ್ನೋ ಧೈರ್ಯ ಇರುತ್ತೆ. ಮನೆಯಲ್ಲಿ ಮಕ್ಕಳಿದ್ರೆ ಕೇಬಲ್ ಲಾಕ್ (ಗನ್ ಒಳಗೆ ತೂರಿಸಿ ಹಾಕೋ ಬೀಗ) ಇಲ್ಲದೆ ಇಡಲೇಬೇಡಿ, ಎನ್‌ಎಸ್‌ಎಸ್‌ಎಫ್‌ನ ಸುರಕ್ಷತೆ ಕಾರ್ಯಕ್ರಮ ಪ್ರಾಜೆಕ್ಟ್ ಚೈಲ್ಡ್‌ಸೇಫ್‌ನವರು ಅದನ್ನ ಪುಕ್ಕಟೆ ಹಂಚ್ತಾರೆ.

ರಾಲಿ, ಕೇರಿ, ಮಾರಿಸ್‌ವಿಲ್ ಕಡೆ ಇರೋರು ಯಾರಾದ್ರೂ ಆ ವರ್ಷ ತಗೊಂಡು ಇನ್ನೂ ಒಂದು ಗುಂಡೂ ಹೊಡೆದಿಲ್ಲ ಅಂತಿದ್ರೆ ಸಂಕೋಚ ಬೇಡ, ಮೆಸೇಜ್ ಮಾಡಿ. ಶನಿವಾರ ಬೆಳಗ್ಗೆ ಶೂಟಿಂಗ್ ರೇಂಜ್ ಖಾಲಿ ಇರುತ್ತೆ, .38 ಒಂದು ಡಬ್ಬಿ ನಾನು ತರ್ತೀನಿ, ಕಿವಿಗೆ ಹಾಕೋ ಮಫ್ ನನ್ ಹತ್ರ ಎಕ್ಸ್‌ಟ್ರಾ ಇದೆ.