ತಾಳವಿಲ್ಲದ ಹಾಡಿಗೆ ರೀರೆಕಾರ್ಡಿಂಗ್

ಐರ್ಲೆಂಡಿನ ಸಾಂಪ್ರದಾಯಿಕ ಶೈಲಿಯಾದ ಶಾನ್-ನೋಸ್ ಹಾಡಿಗೆ ಪಕ್ಕವಾದ್ಯ ಇಲ್ಲ, ಕಟ್ಟುನಿಟ್ಟಿನ ತಾಳವೂ ಇಲ್ಲ. 2015ರ ‘ಬ್ರೂಕ್ಲಿನ್’ ಚಿತ್ರದ ಕ್ರಿಸ್‌ಮಸ್ ಊಟದ ದೃಶ್ಯದಲ್ಲಿ ಇಯರ್ಲಾ ಓ ಲಿನಾರ್ಡ್ ಹಾಡುವುದನ್ನು ಕೇಳಿ, ಸಾಲಿನ ಕೊನೆಯಲ್ಲಿ ದನಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಇಂಥ ಗಾಯಕರಿಗೆ ಹೆಡ್‌ಫೋನಿನಲ್ಲಿ ಕ್ಲಿಕ್, ಅಂದರೆ ತಾಳ ತೋರಿಸುವ ಟಿಕ್-ಟಿಕ್ ಸದ್ದು, ಕೊಟ್ಟರೆ ಮೊದಲು ಸಾಯುವುದೇ ಆ ನಿಲುಗಡೆ. ಆಮೇಲೆ ಗಮಕಗಳೆಲ್ಲ ಬೀಟಿನ ಮೇಲೆ ಬಂದು ಕೂತು, ಹಾಡು ಶಾಲೆಯ ಪ್ರಾರ್ಥನೆಯಂತಾಗುತ್ತದೆ.

ಇಂಥ ಹಾಡಿಗೆ ವಾದ್ಯ ಸೇರಿಸಬೇಕಾದಾಗ ಸಿನಿಮಾದ ಮ್ಯೂಸಿಕ್ ಎಡಿಟಿಂಗಿನಲ್ಲಿ ನಾವು ಪಾಲಿಸುವ ಕ್ರಮ: ದನಿ ಮೊದಲು, ವಾದ್ಯ ಆಮೇಲೆ. 2001ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗಕ್ಕೆ ಐರ್ಲೆಂಡಿನ ಡೊನೆಗಾಲ್‌ನ ಗಾಯಕಿ ಎನ್ಯಾ ಎರಡು ಹಾಡು ಮಾಡಿಕೊಟ್ಟಾಗ, ಚಿತ್ರದ ಸಂಗೀತ ನಿರ್ದೇಶಕ ಹೋವರ್ಡ್ ಶೋರ್ ಆಕೆಯ ರೆಕಾರ್ಡಾದ ದನಿಯ ಸುತ್ತಲೇ ಆರ್ಕೆಸ್ಟ್ರಾ ಹೆಣೆದರು. ಎನ್ಯಾರದು ಶಾನ್-ನೋಸ್ ಅಲ್ಲ. ಕ್ರಮ ಮಾತ್ರ ಇದೇ.

ಶುರುವಿಗೆ ಗಾಯಕರಿಗೆ ಒಂದು ಸ್ವರ ಕೇಳಿಸಿ, ನಿಲ್ಲಿಸಿಬಿಡಿ. ಪೂರ್ತಿ ಹಾಡನ್ನು ಒಂದೇ ಟೇಕಿನಲ್ಲಿ ತೆಗೆದುಕೊಳ್ಳಿ. ಚರಣ ಚರಣ ಕತ್ತರಿಸಿ ಹಾಡಿಸಿದರೆ ಉಸಿರು ಹೊಂದುವುದಿಲ್ಲ. ಕೊನೆಗೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದಿಡಿ, ಎಡಿಟಿನ ಹೊಲಿಗೆ ಮುಚ್ಚಲು ಬೇಕಾಗುತ್ತದೆ. ಟೆಂಪೋ ಮ್ಯಾಪ್, ಅಂದರೆ ಹಾಡಿನ ವೇಗ ಎಲ್ಲೆಲ್ಲಿ ಹೇಗಿದೆ ಎಂಬ ನಕ್ಷೆ, ಮಾಡುವಾಗ ಪ್ರತಿ ಅಕ್ಷರಕ್ಕೂ ಗುರುತು ಹಾಕಬೇಡಿ. ಸಾಲು ಎತ್ತುವ ಜಾಗಕ್ಕೊಂದು, ವಾದ್ಯ ಸೇರುವ ಜಾಗಕ್ಕೊಂದು ಸಾಕು. ಸೇರುವ ಮುನ್ನ ವಾದಕರಿಗೆ ಮಾತ್ರ ನಾಲ್ಕು ಕ್ಲಿಕ್.

ಶ್ರುತಿ ಜಾರುವುದು ಸಹಜ. ನಾಲ್ಕನೇ ಚರಣಕ್ಕೆ 30–40 ಸೆಂಟ್ (ನೂರು ಸೆಂಟ್ ಅಂದರೆ ಒಂದು ಸೆಮಿಟೋನ್, ಹಾರ್ಮೋನಿಯಮ್ಮಿನ ಪಕ್ಕದ ಮನೆಯಷ್ಟು ಅಂತರ) ಇಳಿದಿದ್ದರೂ ದನಿಯೊಂದನ್ನೇ ಕೇಳುವಾಗ ಗೊತ್ತಾಗುವುದಿಲ್ಲ, ಪಿಟೀಲುಗಳು ಸೇರಿದ ಕೂಡಲೇ ಕಿವಿಗೆ ಚುಚ್ಚುತ್ತದೆ. ಇಡೀ ಚರಣವನ್ನು ಒಟ್ಟಿಗೆ ಎತ್ತಿ. ಸ್ವರ ಸ್ವರಕ್ಕೆ ಟ್ಯೂನ್ ಮಾಡಿದರೆ ಬಳುಕೆಲ್ಲ ಇಸ್ತ್ರಿ ಆಗಿಹೋಗುತ್ತದೆ.

ನಿಜವಾದ ತಲೆನೋವು ಫೈಲುಗಳದ್ದು. ಆಲ್ಬಮ್ಮಿನವರು 44.1 ಕಿಲೋಹರ್ಟ್ಸ್ ಸ್ಯಾಂಪಲ್ ದರದ (ಸೆಕೆಂಡಿಗೆ 44,100 ಬಾರಿ ಸದ್ದನ್ನು ಅಳೆದ) ಫೈಲ್ ಕಳಿಸುತ್ತಾರೆ, ಸಿನಿಮಾ ಕೆಲಸ 48ರಲ್ಲಿ. ಪರಿವರ್ತಿಸದೆ ಹಾಗೇ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ. ಇದು ಯಾರ ಕಿವಿಗೂ ಸಿಕ್ಕಿಬೀಳುತ್ತದೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಟೀವಿಗಾಗಿ 25ಕ್ಕೆ ಓಡಿಸಿದಾಗ ಆಗುವುದು ಅಷ್ಟು ಸುಲಭಕ್ಕೆ ಸಿಗದು: ಮೂರು ನಿಮಿಷದ ಹಾಡು ಏಳು ಸೆಕೆಂಡ್ ಕುಗ್ಗುತ್ತದೆ, ಶ್ರುತಿ 70 ಸೆಂಟ್ ಮೇಲೆ. ಶ್ರುತಿ ಸರಿಪಡಿಸಿದ ಬೇರೆ ಮಿಕ್ಸನ್ನು ಮೊದಲೇ ಕೇಳಿ ತರಿಸಿಟ್ಟುಕೊಳ್ಳಿ.

ಕ್ಯೂ ಶೀಟಿನಲ್ಲಿ, ಅಂದರೆ ಚಿತ್ರದಲ್ಲಿ ಬಳಸಿದ ಸಂಗೀತದ ಪಟ್ಟಿಯಲ್ಲಿ, ಬರೀ ‘ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಮೂಲ ಹಾಡು ಯಾರ ಸ್ವತ್ತೂ ಅಲ್ಲದಿರಬಹುದು. ಆ ಗಾಯಕ ಮಾಡಿಕೊಂಡ ಅಳವಡಿಕೆಗೆ ಹಕ್ಕಿದೆ, ರೆಕಾರ್ಡಿಂಗಿಗೆ ಬೇರೆಯೇ ಹಕ್ಕಿದೆ. ಅಳವಡಿಸಿದವರ ಹೆಸರು, ಬಳಸಿದ ಸೆಕೆಂಡು, ತೆರೆಯ ಮೇಲೆ ಹಾಡಿದ್ದೋ ಹಿನ್ನೆಲೆಯೋ ಎಂಬುದನ್ನು ಬರೆಯದಿದ್ದರೆ ಐರ್ಲೆಂಡಿನ ಹಕ್ಕುಸಂಸ್ಥೆ ಇಮ್ರೋದಿಂದ ಗಾಯಕನಿಗೆ ಬರಬೇಕಾದ ಹಣ ಬರುವುದಿಲ್ಲ.